ಒಂದು ಮಾನಿಟರ್, ಎರಡು ಕಂಪ್ಯೂಟರ್: ಕೆವಿಎಂ ಸ್ವಿಚ್ ಕೊಳ್ಳುವ ಮುಂಚೆ

ಮನೆಯಿಂದ ಕೆಲಸ ಮಾಡುವವರ ಮೇಜು ಈಗ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಥರ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಒಂದು, ಸ್ವಂತದ ಕಂಪ್ಯೂಟರ್ ಇನ್ನೊಂದು. ವಾರದಲ್ಲಿ ಎರಡು ಮೂರು ದಿನ ಆಫೀಸು, ಉಳಿದ ದಿನ ಮನೆ ಅನ್ನುವ ಪದ್ಧತಿ ಬಂದ ಮೇಲೆ ಇದು ಜಾಸ್ತಿಯಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಾಗ ಹೊಸ ಕಂಪ್ಯೂಟರ್ ಕೊಂಡು, ಹಳೆಯದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಇಟ್ಟುಕೊಂಡವರೂ ಇದ್ದಾರೆ. ಕಂಪ್ಯೂಟರ್ ಎರಡಾದವು. ಮೇಜು ಮಾತ್ರ ಅಷ್ಟೇ ಇದೆ.

ನಾನು ಒಂದೂವರೆ ವರ್ಷ ಕೇಬಲ್ ಬದಲಿಸಿಕೊಂಡೇ ಕಾಲ ಹಾಕಿದೆ. ಬೆಳಗ್ಗೆ ಮಾನಿಟರಿನ ಕೇಬಲ್ಲನ್ನು ಡೆಸ್ಕ್‌ಟಾಪಿನಿಂದ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚುವುದು, ಸಂಜೆ ಉಲ್ಟಾ. ಕೀಬೋರ್ಡ್, ಮೌಸ್, ಹೆಡ್‌ಸೆಟ್ಟಿಗೂ ಅದೇ ಸೇವೆ. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಪೋರ್ಟ್ ಸಡಿಲವಾಯಿತು. ಕೇಬಲ್ಲನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಚಿತ್ರ. ಬಿಟ್ಟರೆ ಪರದೆ ಕಪ್ಪು. ಆಮೇಲೆ ಸ್ವಿಚ್ ಹುಡುಕಲು ಕೂತೆ. ಅಲ್ಲಿ ನೋಡಿದರೆ ನೂರಾರು ಡಬ್ಬಿಗಳು, ಒಂದೆರಡು ಸಾವಿರದಿಂದ ಹತ್ತಿಪ್ಪತ್ತು ಸಾವಿರದವರೆಗೆ ಬೆಲೆ, ಪ್ರತಿಯೊಂದರ ಮೇಲೂ ಅರ್ಥವಾಗದ ಅಕ್ಷರಗಳು. ಆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಪ್ರಯತ್ನ ಇದು.

ಕೆವಿಎಂ ಅಂದರೆ ಏನು?

ಕೀಬೋರ್ಡ್, ವಿಡಿಯೊ, ಮೌಸ್. ಈ ಮೂರು ಪದಗಳ ಮೊದಲ ಅಕ್ಷರ ಸೇರಿ ಕೆವಿಎಂ. ಇದು ಹುಟ್ಟಿದ್ದು ಸರ್ವರ್ ಕೋಣೆಗಳಿಗಾಗಿ. ಒಂದು ಕಪಾಟಿನಲ್ಲಿ ಎಂಟು ಹತ್ತು ಸರ್ವರ್ ಇದ್ದರೆ ಪ್ರತಿಯೊಂದಕ್ಕೂ ಮಾನಿಟರ್, ಕೀಬೋರ್ಡ್ ಇಡಲು ಜಾಗ ಎಲ್ಲಿ? ಅದಕ್ಕೆ ಎಲ್ಲದಕ್ಕೂ ಸೇರಿ ಒಂದು ಜೊತೆ ಇಟ್ಟು, ಬೇಕಾದ ಸರ್ವರಿಗೆ ತಿರುಗಿಸಿಕೊಳ್ಳುತ್ತಿದ್ದರು. ಅದೇ ಡಬ್ಬಿ ಈಗ ಚಿಕ್ಕದಾಗಿ ಮನೆಗೆ ಬಂದಿದೆ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸಂಪಿಗೆ ಎರಡು ಪೈಪು ಇರುತ್ತವೆ. ಒಂದರಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ನಡುವೆ ವಾಲ್ವ್. ಯಾವ ನೀರು ಬೇಕೋ ಆ ಕಡೆಗೆ ತಿರುಗಿಸಿದರಾಯಿತು, ಮನೆಯೊಳಗಿನ ನಲ್ಲಿಗಳನ್ನು ಮುಟ್ಟಬೇಕಿಲ್ಲ. ಕೆವಿಎಂ ಕೂಡ ಇಂಥ ವಾಲ್ವೇ. ಒಂದು ಕಡೆ ಎರಡು ಕಂಪ್ಯೂಟರ್, ಇನ್ನೊಂದು ಕಡೆ ನಿಮ್ಮ ಮಾನಿಟರ್, ಕೀಬೋರ್ಡ್, ಮೌಸ್. ಬಟನ್ ಒತ್ತಿದರೆ ಪೂರ್ತಿ ಮೇಜು ಈ ಕಂಪ್ಯೂಟರಿನಿಂದ ಆ ಕಂಪ್ಯೂಟರಿಗೆ ಹೋಗುತ್ತದೆ. ಎರಡೂ ಕಂಪ್ಯೂಟರ್ ಆನ್ ಆಗಿಯೇ ಇರುತ್ತವೆ. ನೀವು ನೋಡದಿರುವ ಕಂಪ್ಯೂಟರ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ.

ಅಂಗಡಿಯಲ್ಲಿ ಕೇಳುವಾಗ ಹೆಸರಿನ ಬಗ್ಗೆ ಎಚ್ಚರ ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಮೂರು ಬೇರೆ ಬೇರೆ ಡಬ್ಬಿಗಳು ನೋಡಲು ಒಂದೇ ಥರ ಇರುತ್ತವೆ. ಎಚ್‌ಡಿಎಂಐ ಸ್ವಿಚ್ ಚಿತ್ರವನ್ನು ಮಾತ್ರ ಬದಲಿಸುತ್ತದೆ, ಕೀಬೋರ್ಡ್ ಮೌಸ್ ಅದಕ್ಕೆ ಗೊತ್ತಿಲ್ಲ. ಎಚ್‌ಡಿಎಂಐ ಸ್ಪ್ಲಿಟರ್ ಒಂದು ಕಂಪ್ಯೂಟರಿನ ಚಿತ್ರವನ್ನು ಎರಡು ಪರದೆಗೆ ಹಂಚುತ್ತದೆ, ಅಂದರೆ ನಮಗೆ ಬೇಕಾದ್ದರ ತದ್ವಿರುದ್ಧ. ಯುಎಸ್‌ಬಿ ಸ್ವಿಚ್ ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್ ಇವನ್ನು ಬದಲಿಸುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ಚಿತ್ರ ಮತ್ತು ಯುಎಸ್‌ಬಿ ಎರಡನ್ನೂ ಒಟ್ಟಿಗೆ ಬದಲಿಸುವುದು ಕೆವಿಎಂ ಮಾತ್ರ.

ಮೊದಲು ಕೇಳಿಕೊಳ್ಳಬೇಕಾದ್ದು: ಚಿತ್ರವನ್ನೂ ಸ್ವಿಚ್ ಮೂಲಕವೇ ಹಾಯಿಸಬೇಕಾ?

ಈ ಪ್ರಶ್ನೆಯನ್ನು ನಾನು ತಡವಾಗಿ ಕೇಳಿಕೊಂಡೆ. ನೀವು ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ದುಡ್ಡು, ತಲೆನೋವು ಎರಡೂ ಇರುವುದು ಚಿತ್ರದ ಭಾಗದಲ್ಲೇ. ಕೀಬೋರ್ಡ್ ಮೌಸ್ ಬದಲಿಸುವುದು ಸುಲಭದ, ಅಗ್ಗದ ಕೆಲಸ.

ಎದ್ದು ಹೋಗಿ ನಿಮ್ಮ ಮಾನಿಟರಿನ ಹಿಂಭಾಗ ನೋಡಿ. ಈಗಿನ ಹೆಚ್ಚಿನ ಮಾನಿಟರುಗಳಲ್ಲಿ ಚಿತ್ರ ಒಳಬರುವ ಪೋರ್ಟ್ ಎರಡಾದರೂ ಇರುತ್ತವೆ: ಎರಡು ಎಚ್‌ಡಿಎಂಐ, ಅಥವಾ ಒಂದು ಎಚ್‌ಡಿಎಂಐ ಮತ್ತು ಒಂದು ಡಿಸ್‌ಪ್ಲೇಪೋರ್ಟ್. ಹಾಗಿದ್ದರೆ ಎರಡೂ ಕಂಪ್ಯೂಟರನ್ನು ನೇರವಾಗಿ ಮಾನಿಟರಿಗೇ ಜೋಡಿಸಬಹುದು. ಮಾನಿಟರಿನಲ್ಲೇ ಇರುವ ಇನ್‌ಪುಟ್ ಬಟನ್ ಒತ್ತಿ ಈ ಚಿತ್ರ, ಆ ಚಿತ್ರ ಎಂದು ಬದಲಿಸಿಕೊಳ್ಳಬಹುದು. ಕೀಬೋರ್ಡ್ ಮೌಸ್‌ಗೆ ಒಂದು ಸಣ್ಣ ಯುಎಸ್‌ಬಿ ಸ್ವಿಚ್ ಸಾಕು. ಒಂದರ ಬದಲು ಎರಡು ಬಟನ್ ಒತ್ತಬೇಕು, ಅಷ್ಟೇ ವ್ಯತ್ಯಾಸ. ಆದರೆ ಚಿತ್ರದ ದಾರಿಯಲ್ಲಿ ನಡುವೆ ಯಾವ ಡಬ್ಬಿಯೂ ಇಲ್ಲದ್ದರಿಂದ ಮುಂದೆ ಹೇಳುವ ಅರ್ಧಕ್ಕರ್ಧ ತೊಂದರೆಗಳು ಹತ್ತಿರವೂ ಸುಳಿಯುವುದಿಲ್ಲ.

ದಿನಕ್ಕೆ ಎರಡು ಮೂರು ಸಲ ಮಾತ್ರ ಬದಲಿಸುವವರಿಗೆ ಇದೇ ಒಳ್ಳೆಯ ದಾರಿ ಎಂದು ನನ್ನ ಅನಿಸಿಕೆ. ಮಾನಿಟರಿನ ಇನ್‌ಪುಟ್ ಬಟನ್ ಕೈಗೆ ಸಿಗದ ಜಾಗದಲ್ಲಿದ್ದರೆ ಕಂಪ್ಯೂಟರಿನಿಂದಲೇ ಅದನ್ನು ಬದಲಿಸುವ ಉಪಾಯವೂ ಇದೆ. ಮಾನಿಟರುಗಳು ಸಾಮಾನ್ಯವಾಗಿ ಡಿಡಿಸಿ-ಸಿಐ ಎಂಬ ವ್ಯವಸ್ಥೆಯ ಮೂಲಕ ಕಂಪ್ಯೂಟರಿನ ಆದೇಶ ಕೇಳುತ್ತವೆ. ಲಿನಕ್ಸಿನಲ್ಲಿ ಡಿಡಿಸಿಯುಟಿಲ್ ಎಂಬ ಉಚಿತ ಸಾಧನ ಈ ಕೆಲಸ ಮಾಡುತ್ತದೆ. ವಿಂಡೋಸ್, ಮ್ಯಾಕ್‌ಗೂ ಇಂಥವು ಸಿಗುತ್ತವೆ.

ಇನ್ನೊಂದು ಸಾಧ್ಯತೆ: ನಿಮ್ಮ ಮಾನಿಟರಿನ ಒಳಗೇ ಕೆವಿಎಂ ಇರಬಹುದು. ಎಷ್ಟೋ ಜನರಿಗೆ ತಮ್ಮ ಮಾನಿಟರಿನಲ್ಲಿ ಅದು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಕಂಪ್ಯೂಟರಿನಿಂದ ಮಾನಿಟರಿಗೆ ಬರುವ ಯುಎಸ್‌ಬಿ ಪೋರ್ಟುಗಳು ಎರಡು ಇವೆಯಾ ನೋಡಿ. ಸಾಮಾನ್ಯವಾಗಿ ಒಂದು ಪ್ರಿಂಟರಿನ ಹಿಂದೆ ಇರುವಂಥ ಚೌಕಾಕಾರದ ಟೈಪ್-ಬಿ, ಇನ್ನೊಂದು ಟೈಪ್-ಸಿ. ಎರಡೂ ಇದ್ದರೆ ಮಾನಿಟರಿನ ಮೆನುವಿನಲ್ಲಿ ಕೆವಿಎಂ ಅಥವಾ ಯುಎಸ್‌ಬಿ ಆಯ್ಕೆ ಎಂಬ ಸಾಲು ಹುಡುಕಿ. ಯಾವ ಚಿತ್ರದ ಜೊತೆ ಯಾವ ಯುಎಸ್‌ಬಿ ಎಂದು ಅಲ್ಲಿ ಒಂದು ಸಲ ಜೋಡಿ ಮಾಡಿದರೆ, ಇನ್‌ಪುಟ್ ಬದಲಿಸಿದಾಗ ಕೀಬೋರ್ಡ್ ಮೌಸ್ ಕೂಡ ಜೊತೆಗೇ ಹೋಗುತ್ತವೆ. ಒಂದೇ ಯುಎಸ್‌ಬಿ ಒಳದಾರಿ ಇದ್ದರೆ ಅದು ಒಂದೇ ಕಂಪ್ಯೂಟರಿಗೆ ಹೆಚ್ಚಿನ ಯುಎಸ್‌ಬಿ ಪೋರ್ಟ್ ಕೊಡುವ ಹಬ್ ಅಷ್ಟೇ, ಕೆವಿಎಂ ಅಲ್ಲ.

ಹಾಗಾದರೆ ನಿಜವಾದ ಕೆವಿಎಂ ಯಾರಿಗೆ ಬೇಕು? ಮಾನಿಟರಿನಲ್ಲಿ ಒಂದೇ ಪೋರ್ಟ್ ಉಳಿದಿರುವವರಿಗೆ. ಗಂಟೆಗೆ ಹತ್ತು ಸಲ ಆ ಕಡೆ ಈ ಕಡೆ ಹೋಗಬೇಕಾದವರಿಗೆ. ಎರಡು ಮಾನಿಟರ್ ಇಟ್ಟುಕೊಂಡು ಎರಡನ್ನೂ ಒಂದೇ ಬಟನ್ನಿಗೆ ಬದಲಿಸಬೇಕು ಅನ್ನುವವರಿಗೆ. ಮುಂದಿನದು ಅವರಿಗಾಗಿ.

ಚಿತ್ರದ ಹರಿವು ಎಷ್ಟು ದೊಡ್ಡದು?

ಪರದೆಯ ಮೇಲಿನ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20 ಲಕ್ಷದ 73 ಸಾವಿರದ 600. ಪ್ರತಿ ಚುಕ್ಕಿಯ ಬಣ್ಣ ಹೇಳಲು 24 ಬಿಟ್ ಬೇಕು. ಕಂಪ್ಯೂಟರ್ ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಕಳಿಸುತ್ತದೆ. ಈ ಸಲಗಳ ಲೆಕ್ಕವೇ ಹರ್ಟ್ಸ್. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್, ಅಂದರೆ 3 ಗಿಗಾಬಿಟ್.

4ಕೆ ಅಂದರೆ ಅಡ್ಡಕ್ಕೂ ಎರಡು ಪಟ್ಟು, ಉದ್ದಕ್ಕೂ ಎರಡು ಪಟ್ಟು. 3840 ಗುಣಿಸು 2160. ಚುಕ್ಕಿಗಳು ನಾಲ್ಕು ಪಟ್ಟಾದವು. ಹರಿವೂ ನಾಲ್ಕು ಪಟ್ಟು: ಸುಮಾರು 12 ಗಿಗಾಬಿಟ್. ಕೀಬೋರ್ಡ್, ಮೌಸ್ ಜೋಡಿಸುವ ಯುಎಸ್‌ಬಿ 2.0ರ ಪೂರ್ತಿ ಸಾಮರ್ಥ್ಯ 0.48 ಗಿಗಾಬಿಟ್. ಚಿತ್ರದ ಭಾಗ ಯಾಕೆ ದುಬಾರಿ ಅನ್ನುವುದು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಈಗ ಪೈಪಿನ ಮಾತು. ಹಳೆಯ ಎಚ್‌ಡಿಎಂಐ 1.4ರ ಸಾಮರ್ಥ್ಯ 10.2 ಗಿಗಾಬಿಟ್, ಅದರಲ್ಲಿ ಚಿತ್ರಕ್ಕೆ ಸಿಗುವುದು 8 ಚಿಲ್ಲರೆ. 12 ಗಿಗಾಬಿಟ್ಟಿನ ಚಿತ್ರ ಅದರಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಅಂಥ ಡಬ್ಬಿಗಳು 4ಕೆ ಚಿತ್ರವನ್ನು ಸೆಕೆಂಡಿಗೆ 60ರ ಬದಲು 30 ಸಲ ಮಾತ್ರ ಕಳಿಸುತ್ತವೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ರ ಸಾಮರ್ಥ್ಯ 18 ಗಿಗಾಬಿಟ್, ಅದರಲ್ಲಿ 4ಕೆ 60 ಹರ್ಟ್ಸ್ ಹಿಡಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.2ರಲ್ಲೂ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ, ಅಂದರೆ 4ಕೆಯನ್ನು 120 ಅಥವಾ 144 ಹರ್ಟ್ಸ್‌ನಲ್ಲಿ ಓಡಿಸುವ ಗೇಮಿಂಗ್ ಮಾನಿಟರ್ ಇದ್ದರೆ ಡಿಸ್‌ಪ್ಲೇಪೋರ್ಟ್ 1.4 ಅಥವಾ ಎಚ್‌ಡಿಎಂಐ 2.1 ಬೇಕಾಗುತ್ತದೆ.

ನಾನು ಮೊದಲು ತರಿಸಿದ್ದು ಇಂಥ 30 ಹರ್ಟ್ಸ್ ಡಬ್ಬಿ. ಮೇಲೆ ದಪ್ಪ ಅಕ್ಷರದಲ್ಲಿ 4ಕೆ ಎಂದಿತ್ತು. 30 ಹರ್ಟ್ಸ್ ಅನ್ನುವುದು ಒಳಗಿನ ಕಾಗದದಲ್ಲಿ ಸಣ್ಣಗೆ ಇತ್ತು. ಜೋಡಿಸಿದೆ, ಚಿತ್ರ ಚೆನ್ನಾಗಿಯೇ ಬಂತು. ಮೌಸ್ ಅಲುಗಾಡಿಸಿದಾಗ ಮಾತ್ರ ಏನೋ ಸರಿಯಿಲ್ಲ ಅನಿಸಿತು. ಕರ್ಸರ್ ನನ್ನ ಕೈಯ ಹಿಂದೆ ಹಿಂದೆ ಬರುತ್ತಿತ್ತು. ಪುಟವನ್ನು ಮೇಲೆ ಸರಿಸಿದರೆ ಅಕ್ಷರಗಳು ಜಿಗಿಜಿಗಿದು ಹೋಗುತ್ತಿದ್ದವು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡ್. 30ರಲ್ಲಿ 33. ಕೇಳಲು ಸಣ್ಣ ವ್ಯತ್ಯಾಸ. ಇಡೀ ದಿನ ಅದರ ಮುಂದೆ ಕೂತವರಿಗೆ ಸಂಜೆಯ ಹೊತ್ತಿಗೆ ಕಣ್ಣೇ ಹೇಳುತ್ತದೆ. ಮೂರನೇ ದಿನ ವಾಪಸ್ ಕಳಿಸಿದೆ.

ಆದ್ದರಿಂದ ಎಚ್‌ಡಿಎಂಐ ಎಷ್ಟನೆಯ ಆವೃತ್ತಿ ಎಂಬ ಸಂಖ್ಯೆಯನ್ನು ಮಾತ್ರ ನೋಡಿ ಕೊಳ್ಳಬೇಡಿ. 2.1 ಎಂದು ಬರೆದಿದ್ದರೂ ಅದರ ಎಲ್ಲ ಸಾಮರ್ಥ್ಯ ಇರಲೇಬೇಕು ಎಂಬ ನಿಯಮ ಇಲ್ಲ, ಹಲವು ಐಚ್ಛಿಕ. ನಿಮ್ಮ ಮಾನಿಟರ್ ಎಷ್ಟು ಚುಕ್ಕಿ, ಎಷ್ಟು ಹರ್ಟ್ಸ್ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ಜೋಡಿ ಅಂಕಿ ಡಬ್ಬಿಯ ವಿವರದಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿ. ಫುಲ್ ಎಚ್‌ಡಿ 60 ಹರ್ಟ್ಸ್ ಮಾನಿಟರ್ ಇರುವವರು ನೆಮ್ಮದಿಯಾಗಿರಬಹುದು, ಅಗ್ಗದ ಡಬ್ಬಿಯೂ ಅದನ್ನು ಸಲೀಸಾಗಿ ನಿಭಾಯಿಸುತ್ತದೆ.

ಬಟನ್ ಒತ್ತಿದ ತಕ್ಷಣ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿ. ಯಾಕೆ?

ಕೆವಿಎಂ ಬಳಸುವವರ ಅತಿ ದೊಡ್ಡ ಗೋಳು ಇದು. ದೊಡ್ಡ ಮಾನಿಟರಿನಲ್ಲಿ ಎಡಕ್ಕೆ ಮೇಲ್, ಬಲಕ್ಕೆ ಎಕ್ಸೆಲ್, ಕೆಳಗೆ ಚಾಟ್ ಎಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿರುತ್ತೀರಿ. ಸ್ವಿಚ್ ಒತ್ತಿ ಹತ್ತು ನಿಮಿಷ ಇನ್ನೊಂದು ಕಂಪ್ಯೂಟರಿಗೆ ಹೋಗಿ ಬರುತ್ತೀರಿ. ಬಂದು ನೋಡಿದರೆ ಎಲ್ಲವೂ ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ.

ಇದಕ್ಕೆ ಕಾರಣ ಇಡಿಐಡಿ ಎಂಬ ಸಣ್ಣ ಪರಿಚಯಪತ್ರ. ಮಾನಿಟರನ್ನು ಜೋಡಿಸಿದ ಕೂಡಲೇ ಕಂಪ್ಯೂಟರ್ ಅದನ್ನು ವಿಚಾರಿಸುತ್ತದೆ: ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ಚುಕ್ಕಿ, ಎಷ್ಟು ಹರ್ಟ್ಸ್? ಮಾನಿಟರ್ ತನ್ನ ಪತ್ರವನ್ನು ಕಳಿಸುತ್ತದೆ. ಅದರ ಮೂಲ ಭಾಗ ಬರೀ 128 ಬೈಟ್. ಅದನ್ನು ಓದಿಕೊಂಡು ಕಂಪ್ಯೂಟರ್ ಸರಿಯಾದ ಅಳತೆಯ ಚಿತ್ರ ಕಳಿಸುತ್ತದೆ. ಮಾನಿಟರ್ ಇನ್ನೂ ಇದೆಯಾ ಇಲ್ಲವಾ ಎಂದು ತಿಳಿಸಲು ಕೇಬಲ್ಲಿನಲ್ಲಿ ಬೇರೆಯೇ ಒಂದು ತಂತಿ ಇದೆ.

ಸಾದಾ ಕೆವಿಎಂನಲ್ಲಿ ಬಟನ್ ಒತ್ತಿದಾಗ ಈ ತಂತಿಯೂ ಕಡಿದುಹೋಗುತ್ತದೆ. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಯಾರೋ ಮಾನಿಟರನ್ನು ಕಿತ್ತುಕೊಂಡು ಹೋದ ಹಾಗೆ. ಇರುವ ವಿಂಡೋಗಳನ್ನು ಉಳಿದ ಪರದೆಗೆ ತಂದು ಹಾಕುತ್ತದೆ. ಪಾಪ, ಅದರದೇನೂ ತಪ್ಪಿಲ್ಲ.

ಒಳ್ಳೆಯ ಕೆವಿಎಂಗಳು ಇಡಿಐಡಿ ಎಮ್ಯುಲೇಷನ್ ಎಂಬ ಕೆಲಸ ಮಾಡುತ್ತವೆ. ಊರಿನ ದರ್ಜಿಯನ್ನು ನೆನಪಿಸಿಕೊಳ್ಳಿ. ಒಂದು ಸಲ ನಿಮ್ಮ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಸಲ ನೀವು ಹೋಗದಿದ್ದರೂ ಬಟ್ಟೆ ಹೊಲಿಯುತ್ತಾರೆ ಅಲ್ವಾ? ಹಾಗೆಯೇ ಈ ಡಬ್ಬಿ ಮಾನಿಟರಿನ ಪರಿಚಯಪತ್ರವನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಇನ್ನೊಂದು ಕಡೆಗೆ ಹೋದಾಗಲೂ ಲ್ಯಾಪ್‌ಟಾಪಿಗೆ ಅದೇ ಪತ್ರ ತೋರಿಸುತ್ತಾ ಇರುತ್ತದೆ. ಮಾನಿಟರ್ ಇದೆ ಎಂದುಕೊಂಡು ಲ್ಯಾಪ್‌ಟಾಪ್ ಏನನ್ನೂ ಅಲುಗಾಡಿಸುವುದಿಲ್ಲ. ವಾಪಸ್ ಬಂದಾಗ ಎಲ್ಲವೂ ಇಟ್ಟ ಜಾಗದಲ್ಲೇ ಇರುತ್ತವೆ. ಬದಲಾಗಲು ಹಿಡಿಯುವ ಎರಡು ಮೂರು ಸೆಕೆಂಡಿನ ಕತ್ತಲೆಯೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಬೆಲೆ ಜಾಸ್ತಿ ಇರುವ ಡಬ್ಬಿಗೂ ಅಗ್ಗದ ಡಬ್ಬಿಗೂ ನಿಜವಾದ ಅಂತರ ಇರುವುದು ಹೆಚ್ಚಾಗಿ ಇಲ್ಲೇ. ವಿವರದಲ್ಲಿ ಇಡಿಐಡಿ ಎಂಬ ಪದವೇ ಇಲ್ಲದಿದ್ದರೆ ಆ ಸೌಲಭ್ಯ ಇಲ್ಲ ಎಂದೇ ತಿಳಿಯಿರಿ. ವಿಂಡೋಸ್ 11 ಇರುವವರಿಗೆ ಒಂದು ಸಣ್ಣ ಸಮಾಧಾನ ಇದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಒಂದಕ್ಕಿಂತ ಹೆಚ್ಚು ಮಾನಿಟರುಗಳಿಗೆ ಸಂಬಂಧಿಸಿದ ಭಾಗ ತೆರೆದರೆ, ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಎಮ್ಯುಲೇಷನ್ ಇಲ್ಲದಿದ್ದರೂ ವಿಂಡೋಗಳು ಬಹುಮಟ್ಟಿಗೆ ತಮ್ಮ ಜಾಗಕ್ಕೆ ಮರಳುತ್ತವೆ.

ಕೀಬೋರ್ಡ್, ಮೌಸ್: ದುಭಾಷಿ ಬೇಕಾ, ನೇರ ಮಾತು ಸಾಕಾ?

ಕೆವಿಎಂಗಳು ಕೀಬೋರ್ಡನ್ನು ಎರಡು ರೀತಿ ನಡೆಸಿಕೊಳ್ಳುತ್ತವೆ. ಒಂದರಲ್ಲಿ ನಿಮ್ಮ ಕೀಬೋರ್ಡ್ ನೇರವಾಗಿ ಕಂಪ್ಯೂಟರಿಗೇ ಹೋಗುತ್ತದೆ. ಬಟನ್ ಒತ್ತಿದಾಗ ಒಂದರಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದ ಹಾಗೆ. ಕಂಪ್ಯೂಟರ್ ಅದನ್ನು ಗುರುತಿಸಲು ಒಂದೆರಡು ಸೆಕೆಂಡ್ ಬೇಕು, ಆದರೆ ಯಾವ ಕೀಬೋರ್ಡ್ ಆದರೂ ಅದರ ಎಲ್ಲ ಬಟನ್‌ಗಳೊಂದಿಗೆ ಕೆಲಸ ಮಾಡುತ್ತದೆ.

ಇನ್ನೊಂದರಲ್ಲಿ ಕೆವಿಎಂ ನಡುವೆ ದುಭಾಷಿಯಾಗಿ ನಿಲ್ಲುತ್ತದೆ. ನೀವು ಒತ್ತಿದ್ದನ್ನು ತಾನು ಕೇಳಿ, ತನ್ನ ಮಾತಿನಲ್ಲಿ ಕಂಪ್ಯೂಟರಿಗೆ ಹೇಳುತ್ತದೆ. ಎರಡೂ ಕಂಪ್ಯೂಟರಿಗೆ ಕೀಬೋರ್ಡ್ ಸದಾ ಜೋಡಿಸಿದ ಹಾಗೇ ಕಾಣುವುದರಿಂದ ಬದಲಾವಣೆ ತಕ್ಷಣ ಆಗುತ್ತದೆ. ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿದರೆ ಬದಲಾಗು ಎಂಬಂಥ ಸಂಕೇತವನ್ನೂ ಅದು ಕೇಳಿಸಿಕೊಳ್ಳಬಲ್ಲದು. ಆದರೆ ದುಭಾಷಿಗೆ ಎಲ್ಲ ಪದಗಳೂ ಗೊತ್ತಿರುವುದಿಲ್ಲ. ಗೇಮಿಂಗ್ ಮೌಸಿನ ಪಕ್ಕದ ಬಟನ್, ಕೀಬೋರ್ಡಿನ ವಿಶೇಷ ಕೀಲಿಗಳು ಇವೆಲ್ಲ ನಡುವೆ ಕಳೆದುಹೋಗಬಹುದು. ಹೀಗಾದರೆ ಆ ಸಾಧನವನ್ನು ಕೆವಿಎಂನ ಕೀಬೋರ್ಡ್ ಚಿಹ್ನೆ ಇಲ್ಲದ ಸಾಮಾನ್ಯ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಿ, ಹೆಚ್ಚಿನ ಸಲ ಸರಿಹೋಗುತ್ತದೆ. ಅಂದಹಾಗೆ ಸಣ್ಣ ಕೀಬೋರ್ಡುಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇರುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ.

ವೈರ್‌ಲೆಸ್ ಕೀಬೋರ್ಡ್ ಆದರೆ ಅದರ ಪುಟ್ಟ ಡಾಂಗಲ್ಲನ್ನು ಕೆವಿಎಂಗೆ ಹಾಕಬೇಕು. ಬ್ಲೂಟೂತ್‌ನಲ್ಲಿ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಕೆವಿಎಂಗೂ ಅದಕ್ಕೂ ಸಂಬಂಧವೇ ಇಲ್ಲ. ಡಾಂಗಲ್ಲನ್ನು ಯುಎಸ್‌ಬಿ 3.0 ಪೋರ್ಟಿನ ಪಕ್ಕ ಇಟ್ಟಾಗ ಮೌಸ್ ತಡವರಿಸುವುದುಂಟು. ಆ ಪೋರ್ಟಿನಿಂದ ಹೊರಬರುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡ ಬರುತ್ತದೆ. ಸ್ವಲ್ಪ ದೂರದ 2.0 ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಕನ್ನಡ ಅಕ್ಷರ ಇರುವುದು ಕೀಬೋರ್ಡಿನಲ್ಲಲ್ಲ, ಕಂಪ್ಯೂಟರಿನಲ್ಲಿ. ಕೀಬೋರ್ಡ್ ಯಾವ ಕೀಲಿ ಒತ್ತಿದರು ಎಂದಷ್ಟೇ ಹೇಳುತ್ತದೆ. ಅದು ಕ ಆಗಬೇಕಾ, ಇಂಗ್ಲಿಷ್ ಅಕ್ಷರ ಆಗಬೇಕಾ ಎಂದು ನಿರ್ಧರಿಸುವುದು ಆ ಕಂಪ್ಯೂಟರಿನಲ್ಲಿರುವ ನುಡಿ ಅಥವಾ ಇನ್‌ಸ್ಕ್ರಿಪ್ಟ್. ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಸಲೀಸಾಗಿ ಬರುವ ಕನ್ನಡ ಸ್ವಿಚ್ ಒತ್ತಿದ ಮೇಲೆ ಆ ಕಡೆ ಬರದಿದ್ದರೆ ಸ್ವಿಚ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎರಡೂ ಕಂಪ್ಯೂಟರಿನಲ್ಲಿ ಕನ್ನಡವನ್ನು ಬೇರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಆಫೀಸ್ ಲ್ಯಾಪ್‌ಟಾಪಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡದಿದ್ದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ಅವುಗಳದೇ ಕನ್ನಡ ಕೀಲಿಮಣೆ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಹುಡುಕಿ.

ಟೈಪ್-ಸಿ ಲ್ಯಾಪ್‌ಟಾಪ್ ಇದ್ದರೆ

ಈಗಿನ ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಟೈಪ್-ಸಿ ಮಾತ್ರ. ಒಂದೇ ಕೇಬಲ್ಲಿನಲ್ಲಿ ಚಿತ್ರ, ಯುಎಸ್‌ಬಿ, ಚಾರ್ಜ್ ಮೂರೂ ಹೋಗುವ ಕೆವಿಎಂಗಳು ಸಿಗುತ್ತವೆ. ಮೇಜು ಬಹಳ ಅಚ್ಚುಕಟ್ಟಾಗುತ್ತದೆ. ಆದರೆ ಮೂರು ವಿಷಯ ನೋಡಬೇಕು.

ಎಲ್ಲ ಟೈಪ್-ಸಿ ಪೋರ್ಟಿನಲ್ಲೂ ಚಿತ್ರ ಬರುವುದಿಲ್ಲ. ಆಕಾರ ಒಂದೇ, ಒಳಗಿನ ಜೋಡಣೆ ಬೇರೆ. ನಿಮ್ಮ ಮಾಡೆಲಿನ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಎಂದು ಇರಬೇಕು.

ಎರಡನೆಯದು ಹಂಚಿಕೆಯ ಸಮಸ್ಯೆ. ಟೈಪ್-ಸಿ ಕೇಬಲ್ಲಿನೊಳಗೆ ವೇಗದ ದಾರಿಗಳು ನಾಲ್ಕು. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿಗೆ ನಿಧಾನದ 2.0 ದಾರಿ ಮಾತ್ರ ಉಳಿಯುತ್ತದೆ. ಎರಡೆರಡು ಹಂಚಿಕೊಂಡರೆ ಯುಎಸ್‌ಬಿ ವೇಗವಾಗುತ್ತದೆ, ಚಿತ್ರದ ದಾರಿ ಅರ್ಧವಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ 4ಕೆ 60 ಹರ್ಟ್ಸ್ ಬರದೆ 30ಕ್ಕೆ ಇಳಿಯುವುದು ಎಷ್ಟೋ ಸಲ ಈ ಕಾರಣಕ್ಕೆ.

ಮೂರನೆಯದು ಚಾರ್ಜ್. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ, 65 ಸಾಮಾನ್ಯ. ಕೆವಿಎಂ ಅದಕ್ಕಿಂತ ಕಡಿಮೆ ಕೊಟ್ಟರೆ ಭಾರಿ ಕೆಲಸದ ಹೊತ್ತಿನಲ್ಲಿ ಚಾರ್ಜ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗಬಹುದು.

ಎರಡು ಮಾನಿಟರ್ ಇರುವವರಿಗೆ

ಎರಡು ಮಾನಿಟರಿನ ಕೆವಿಎಂ ಅಂದರೆ ಪ್ರತಿ ಕಂಪ್ಯೂಟರಿನಿಂದ ಎರಡು ಚಿತ್ರದ ಕೇಬಲ್ ಬರಬೇಕು. ಒಟ್ಟು ನಾಲ್ಕು. ಲ್ಯಾಪ್‌ಟಾಪಿನಲ್ಲಿ ಅಷ್ಟು ಪೋರ್ಟ್ ಇದೆಯಾ ಅನ್ನುವುದು ಮೊದಲ ಪರೀಕ್ಷೆ. ಒಂದೇ ಕೇಬಲ್ಲಿನಲ್ಲಿ ಎರಡು ಬೇರೆ ಬೇರೆ ಚಿತ್ರ ಕಳಿಸುವ ಎಂಎಸ್‌ಟಿ ಎಂಬ ವಿಧಾನ ಇದೆ. ವಿಂಡೋಸ್‌ನಲ್ಲಿ ಅದು ನಡೆಯುತ್ತದೆ. ಮ್ಯಾಕ್‌ನಲ್ಲಿ ಎರಡು ಪರದೆಯಲ್ಲೂ ಒಂದೇ ಚಿತ್ರ ಕಾಣುತ್ತದೆ. ಜೊತೆಗೆ ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರನ್ನು ನಡೆಸುತ್ತದೆ. ಎಷ್ಟು ದುಬಾರಿ ಕೆವಿಎಂ ತಂದರೂ ಈ ಮಿತಿ ಬದಲಾಗುವುದಿಲ್ಲ.

ಡಬ್ಬಿಯೇ ಇಲ್ಲದೆ ಆಗುತ್ತದಾ?

ಎರಡೂ ಕಂಪ್ಯೂಟರಿಗೆ ತಮ್ಮದೇ ಪರದೆ ಇದ್ದು, ಕೀಬೋರ್ಡ್ ಮೌಸ್ ಮಾತ್ರ ಹಂಚಿಕೊಳ್ಳಬೇಕಾದರೆ ತಂತ್ರಾಂಶ ಸಾಕು. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿರುವ ಮೌಸ್ ವಿದೌಟ್ ಬಾರ್ಡರ್ಸ್ ಉಚಿತ, ನಾಲ್ಕು ವಿಂಡೋಸ್ ಕಂಪ್ಯೂಟರುಗಳವರೆಗೆ ನಡೆಯುತ್ತದೆ. ಕರ್ಸರನ್ನು ಪರದೆಯ ಅಂಚಿಗೆ ತಳ್ಳಿದರೆ ಪಕ್ಕದ ಕಂಪ್ಯೂಟರಿಗೆ ದಾಟುತ್ತದೆ. ಮ್ಯಾಕ್, ಐಪ್ಯಾಡ್ ನಡುವೆ 2022ರಿಂದ ಯೂನಿವರ್ಸಲ್ ಕಂಟ್ರೋಲ್ ಇದೆ. ಇವೆಲ್ಲ ನೆಟ್‌ವರ್ಕ್ ಮೂಲಕ ಕೆಲಸ ಮಾಡುವುದರಿಂದ ಆಫೀಸ್ ಲ್ಯಾಪ್‌ಟಾಪಿನಲ್ಲಿ ಹಾಕಲು ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಆನ್ ಆದಾಗ ಸಂಪರ್ಕ ಕಡಿಯುವುದೂ ಇದೆ.

ಆಫೀಸಿನವರು ಏನನ್ನಬಹುದು?

ಸಾಮಾನ್ಯ ಕೆವಿಎಂ ಲ್ಯಾಪ್‌ಟಾಪಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಒಂದು ಕಂಪ್ಯೂಟರಿನ ಫೈಲ್ ಇನ್ನೊಂದಕ್ಕೆ ಹೋಗುವುದಿಲ್ಲ. ಇಲ್ಲಿ ಕಾಪಿ ಮಾಡಿದ್ದನ್ನು ಅಲ್ಲಿ ಪೇಸ್ಟ್ ಮಾಡಲೂ ಆಗುವುದಿಲ್ಲ. ಆದರೆ ಕೆವಿಎಂಗೆ ಚುಚ್ಚಿದ ಪೆನ್‌ಡ್ರೈವ್ ಬಟನ್ ಒತ್ತಿದಾಗ ಆಫೀಸ್ ಲ್ಯಾಪ್‌ಟಾಪಿಗೂ ದಾಟುತ್ತದೆ. ಮನೆಯ ಪೆನ್‌ಡ್ರೈವ್ ಕಂಡ ಕೂಡಲೇ ಐಟಿ ವಿಭಾಗಕ್ಕೆ ಸೂಚನೆ ಹೋಗುವ ಕಂಪನಿಗಳಿವೆ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಯಾವಾಗಲೂ ಆಯಾ ಕಂಪ್ಯೂಟರಿಗೇ ಇರಲಿ.

ಐಪಿ ಕೆವಿಎಂ ಎಂಬ ಇನ್ನೊಂದು ಜಾತಿ ಇದೆ, ಹೆಸರು ಹತ್ತಿರದ್ದು, ಕೆಲಸ ಬೇರೆ. ಅದು ಇಂಟರ್‌ನೆಟ್ ಮೂಲಕ ದೂರದಿಂದ ಕಂಪ್ಯೂಟರನ್ನು ನಡೆಸಲು ಇರುವುದು. ಆಫೀಸ್ ಲ್ಯಾಪ್‌ಟಾಪಿಗೆ ಅದನ್ನು ಕೇಳದೆ ಜೋಡಿಸಿದರೆ ಕೆಲಸಕ್ಕೇ ಸಂಚಕಾರ ಬರಬಹುದು.

ಕೇಬಲ್, ಕರೆಂಟ್, ಮತ್ತು ವಾಪಸ್ ಕೊಡುವ ದಿನಗಳು

ಕೆವಿಎಂ ಬಂದ ಮೇಲೆ ಚಿತ್ರ ಒಂದರ ಬದಲು ಎರಡು ಕೇಬಲ್ ದಾಟಿ ಬರುತ್ತದೆ. ಉದ್ದ ಹೆಚ್ಚಾದಷ್ಟೂ ಸಂಕೇತ ಸೊರಗುತ್ತದೆ. ಪರದೆ ಆಗಾಗ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ ಡಬ್ಬಿಯನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ. ಒಂದೂವರೆ ಎರಡು ಮೀಟರಿಗಿಂತ ಉದ್ದದ್ದು ಬೇಡ. 4ಕೆ 60 ಹರ್ಟ್ಸ್ ಎಚ್‌ಡಿಎಂಐಗೆ ಪ್ರೀಮಿಯಂ ಹೈ ಸ್ಪೀಡ್ ಎಂಬ ಗುರುತಿರುವ ಕೇಬಲ್ ಕೇಳಿ.

ಹೆಚ್ಚಿನ ಸಣ್ಣ ಡಬ್ಬಿಗಳು ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಕರೆಂಟ್ ಎಳೆದುಕೊಳ್ಳುತ್ತವೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಆದರೆ 900. ಅದರಲ್ಲೇ ಕೆವಿಎಂ, ಬೆಳಕಿನ ಕೀಬೋರ್ಡ್, ವೆಬ್‌ಕ್ಯಾಮ್, ಹೆಡ್‌ಸೆಟ್ ಎಲ್ಲ ನಡೆಯಬೇಕು. ಮೀಟಿಂಗ್ ನಡುವೆ ಕ್ಯಾಮೆರಾ ಸುಮ್ನೆ ಕಣ್ಮರೆಯಾದರೆ ಇದೇ ಕಾರಣ ಇರಬಹುದು. ಅಡಾಪ್ಟರ್ ಹಾಕಲು ಜಾಗ ಇರುವ ಡಬ್ಬಿ ಆರಿಸಿ. ಆ ಅಡಾಪ್ಟರನ್ನು ಮಾನಿಟರ್ ಇರುವ ಯುಪಿಎಸ್‌ಗೇ ಹಾಕಿ. ಮಾನಿಟರ್ ಯುಪಿಎಸ್‌ನಲ್ಲಿದ್ದು ಕೆವಿಎಂ ಸಾದಾ ಪ್ಲಗ್ಗಿನಲ್ಲಿದ್ದರೆ ಕರೆಂಟ್ ಹೋದಾಗ ಕಂಪ್ಯೂಟರ್, ಮಾನಿಟರ್ ಎರಡೂ ಆನ್ ಇದ್ದೂ ಚಿತ್ರ ಇರುವುದಿಲ್ಲ.

ಡಬ್ಬಿ ಕೈಗೆ ಬಂದ ದಿನವೇ ಎಲ್ಲವನ್ನೂ ಜೋಡಿಸಿ. ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಹರ್ಟ್ಸ್ ಎಷ್ಟಿದೆ ಓದಿ, 30 ಇದ್ದರೆ ಅಲ್ಲೇ ಸಿಗುತ್ತದೆ. ಹತ್ತು ಸಲ ಬಟನ್ ಒತ್ತಿ, ವಿಂಡೋಗಳು ಎಲ್ಲಿವೆ ನೋಡಿ. ಒಂದು ಕಂಪ್ಯೂಟರನ್ನು ಸ್ಲೀಪ್ ಮಾಡಿ ಕೀಬೋರ್ಡಿನಿಂದ ಎಬ್ಬಿಸಿ. ಡೆಸ್ಕ್‌ಟಾಪನ್ನು ರೀಸ್ಟಾರ್ಟ್ ಮಾಡಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮೂಲ ಸೆಟ್ಟಿಂಗ್) ಒಳಗೆ ಹೋಗಲು ಕೀಬೋರ್ಡ್ ಕೆಲಸ ಮಾಡುತ್ತದಾ ಪರೀಕ್ಷಿಸಿ. ಒಂದು ವಿಡಿಯೊ ಕಾಲ್ ಮಾಡಿ. 4ಕೆ ಸಿನಿಮಾ ನೋಡುವವರು ಅದನ್ನೂ ಹಾಕಿ ನೋಡಿ, ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಡಬ್ಬಿಯಲ್ಲಿ ಇಲ್ಲದಿದ್ದರೆ ಚಿತ್ರ ಮಂಕಾಗಬಹುದು ಅಥವಾ ಬರದೇ ಹೋಗಬಹುದು. ವಾಪಸ್ ಕೊಡಲು ಇರುವ ದಿನಗಳ ಒಳಗೆ ಇದೆಲ್ಲ ಆಗಬೇಕು.

ಆ 30 ಹರ್ಟ್ಸ್ ಡಬ್ಬಿ ಹೋದ ಮೇಲೆ ನಾನು ಇನ್ನೊಂದು ಕೆವಿಎಂ ತರಿಸಲಿಲ್ಲ. ಮಾನಿಟರಿನ ಹಿಂದೆ ಖಾಲಿ ಡಿಸ್‌ಪ್ಲೇಪೋರ್ಟ್ ಇರುವುದು ಆಗ ಕಣ್ಣಿಗೆ ಬಿತ್ತು. ಡೆಸ್ಕ್‌ಟಾಪ್ ಈಗ ಅದಕ್ಕೆ, ರಿಪೇರಿಯಾಗಿ ಬಂದ ಲ್ಯಾಪ್‌ಟಾಪ್ ಎಚ್‌ಡಿಎಂಐಗೆ. ಯುಎಸ್‌ಬಿ ಸ್ವಿಚ್ಚಿನ ಉದ್ದ ವೈರಿನ ಬಟನ್ನನ್ನು ಮೇಜಿನ ಅಂಚಿನ ಕೆಳಗೆ ಅಂಟಿಸಿದ್ದೇನೆ. ಬೆಳಗ್ಗೆ ಒಂಬತ್ತಕ್ಕೆ ಎಡಗೈ ಅದನ್ನು ಒತ್ತುತ್ತದೆ, ಬಲಗೈ ಮಾನಿಟರಿನ ಹಿಂದಿನ ಬಟನ್ ಹುಡುಕುತ್ತದೆ. ಎರಡು ಸೆಕೆಂಡ್ ಕತ್ತಲೆ, ಆಮೇಲೆ ಆಫೀಸಿನ ಪರದೆ ಬರುತ್ತದೆ.